ಕಣ್ಣಂದಾಜಿನ ವ್ಯವಹಾರ

ಮಧುಗಿರಿಯಲ್ಲಿ ಬೆಟ್ಟ ಎಲ್ಲಿದೆ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಬಸ್ಸಿಳಿದು ತಲೆ ಎತ್ತಿದರೆ ಅದೇ ಮೊದಲು ಕಾಣುವುದು. ಬೆಂಗಳೂರಿನಿಂದ ಬಂದ ಹುಡುಗರು ಕೇಳುವ ಪ್ರಶ್ನೆ ಬೇರೆ: ಹತ್ತೋಕೆ ಎಷ್ಟೊತ್ತು ಬೇಕು? ಬುಡದಲ್ಲಿ ಸೌತೆಕಾಯಿ ಹೆಚ್ಚಿ ಕೊಡುವ ಅಜ್ಜಿ ಕತ್ತನ್ನೂ ತಿರುಗಿಸದೆ ಹೇಳುತ್ತಾಳೆ: "ಅಗೋ, ಇಲ್ಲೇ ಕಾಣ್ತೈತಲ್ಲ ಸಾಮಿ." ಅಜ್ಜಿಯ ಮಾತಿನಲ್ಲಿ ಸುಳ್ಳಿಲ್ಲ. ಕಾಣುವುದೇನೋ ಕಾಣುತ್ತದೆ. ಕಂಡಿದ್ದೆಲ್ಲ ಹತ್ತಿರವೇ ಎಂದುಕೊಂಡರೆ ಅದು ಕೇಳಿದವರ ಹಣೆಬರಹ. ಅರ್ಧ ದಾರಿಯಲ್ಲಿ ಅದೇ ಹುಡುಗರು ಬಂಡೆಗೆ ಬೆನ್ನು ಕೊಟ್ಟು ಕೂತು, ಖಾಲಿ ಬಾಟಲಿಯನ್ನು ಬಾಯಿಗೆ ಬಗ್ಗಿಸಿಕೊಂಡು ಕೊನೇ ಹನಿಗೆ ಕಾಯುತ್ತಿರುತ್ತಾರೆ.

ತಪ್ಪು ಹುಡುಗರದೂ ಅಲ್ಲ, ಅಜ್ಜಿಯದೂ ಅಲ್ಲ. ನಮ್ಮ ಕಣ್ಣಿನ ಹಿಂಭಾಗದ ಪರದೆಯ ಮೇಲೆ ಬೀಳುವ ಚಿತ್ರಕ್ಕೆ ಉದ್ದ ಇದೆ, ಅಗಲ ಇದೆ. ಆಳವೆನ್ನುವುದು ಇಲ್ಲವೇ ಇಲ್ಲ. ಯಾವುದು ಮುಂದೆ, ಯಾವುದು ಹಿಂದೆ, ಯಾವುದು ಉಬ್ಬು, ಯಾವುದು ತಗ್ಗು ಎಂಬುದನ್ನೆಲ್ಲ ಮಿದುಳು ಒಳಗೆ ಕೂತು ಲೆಕ್ಕ ಹಾಕಬೇಕು. ಈ ಲೆಕ್ಕದ ಸ್ವಭಾವ ತಿಳಿಯಬೇಕಾದರೆ ನನ್ನ ಸೋದರಮಾವನನ್ನು ನೋಡಬೇಕು. ಶಿರಾ ಕಡೆಯ ಹಳ್ಳಿಯಲ್ಲಿ ಹುಣಸೆಮರಗಳನ್ನು ಗುತ್ತಿಗೆ ಹಿಡಿಯುವುದು ಅವನ ಕಸುಬು. ಹಣ್ಣು ಇನ್ನೂ ಮರದಲ್ಲೇ ಇರುವಾಗ ಇಂತಿಷ್ಟು ಕ್ವಿಂಟಾಲ್ ಆಗುತ್ತದೆ ಎಂದು ಕಣ್ಣಂದಾಜಿನಲ್ಲೇ ಹೇಳಿ, ದುಡ್ಡು ಎಣಿಸಿಬಿಡಬೇಕು. ತಕ್ಕಡಿ ಬರುವುದು ಆಮೇಲೆ. ಮನುಷ್ಯನ ಮಿದುಳೂ ಅಂಥದ್ದೇ ಗುತ್ತಿಗೆದಾರ: ತೂಗದೆ ಬೆಲೆ ಕಟ್ಟುತ್ತದೆ, ಬಹಳ ಸಲ ಗಿಟ್ಟಿಸುತ್ತದೆ, ಆಗೀಗ ಮುಗ್ಗರಿಸುತ್ತದೆ.

ಈ ವ್ಯವಹಾರದಲ್ಲಿ ಮಿದುಳಿಗೆ ದೊಡ್ಡ ಬಂಡವಾಳ ಎಂದರೆ ಎರಡು ಕಣ್ಣು. ಅವುಗಳ ನಡುವೆ ಸುಮಾರು ಆರು ಸೆಂಟಿಮೀಟರ್ ಅಂತರ. ಹಾಗಾಗಿ ಎಡಗಣ್ಣು ಕಂಡದ್ದೇ ಬೇರೆ, ಬಲಗಣ್ಣು ಕಂಡದ್ದೇ ಬೇರೆ. ಇಬ್ಬರು ಸಾಕ್ಷಿಗಳ ಹೇಳಿಕೆಯಲ್ಲಿನ ವ್ಯತ್ಯಾಸದಿಂದಲೇ ಮಿದುಳು ದೂರವನ್ನು ಊಹಿಸುತ್ತದೆ. ಇದನ್ನು 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟೋನ್ ತೋರಿಸಿಕೊಟ್ಟ. ತುಸು ಬೇರೆಬೇರೆಯಾದ ಎರಡು ರೇಖಾಚಿತ್ರಗಳನ್ನು ಎರಡು ಕನ್ನಡಿಗಳ ಮೂಲಕ ಎರಡು ಕಣ್ಣಿಗೆ ಒಂದೊಂದಾಗಿ ಕಾಣಿಸಿದಾಗ, ಕಾಗದದ ಮೇಲಿನ ಬರೀ ಗೀಟುಗಳು ಎದ್ದು ನಿಂತು ಗಟ್ಟಿ ವಸ್ತುವಾಗಿಬಿಟ್ಟವು. ನಾವು 2012ರಲ್ಲಿ 'ಕಠಾರಿವೀರ ಸುರಸುಂದರಾಂಗಿ' ಎಂಬ ತ್ರೀಡಿ ಸಿನಿಮಾಕ್ಕೆ ಕಪ್ಪು ಕನ್ನಡಕ ಹಾಕಿಕೊಂಡು ಕೂತು ಉಪೇಂದ್ರರನ್ನು ಮೈಮೇಲೆ ಬರಮಾಡಿಕೊಂಡದ್ದೂ ಇದೇ ಯುಕ್ತಿಯಿಂದ.

ಆದರೆ ಆರು ಸೆಂಟಿಮೀಟರ್ ಬಂಡವಾಳ ಎಷ್ಟು ದೂರ ಬಂದೀತು? ಕೈಯಳತೆಯಲ್ಲಿ ಸೂಜಿಗೆ ದಾರ ಪೋಣಿಸಲು ಧಾರಾಳ ಸಾಕು. ಮೈಲಿಯಾಚೆಯ ಬೆಟ್ಟವನ್ನು ಮಾತ್ರ ಎರಡೂ ಕಣ್ಣು ಹೆಚ್ಚುಕಡಿಮೆ ಒಂದೇ ಥರ ನೋಡುತ್ತವೆ. ಸಾಕ್ಷಿಗಳಿಬ್ಬರೂ ಒಂದೇ ಪಾಠ ಒಪ್ಪಿಸಿದರೆ ಜಡ್ಜಿಗೆ ಏನು ತಿಳಿದೀತು? ಅದಕ್ಕೇ ಮಧುಗಿರಿಯವರಿಗೆ ಸಮುದ್ರಮಟ್ಟದಿಂದ 3900 ಅಡಿ ಎತ್ತರದ ಏಕಶಿಲೆ ಊರ ಹಿಂದೆ ಕಟ್ಟಿದ ಗೋಡೆಯ ಹಾಗೆ ಚಪ್ಪಟೆಯಾಗಿ ಕಾಣುವುದು. ಮಳೆ ಬಂದು ಗಾಳಿಯ ದೂಳು ತೊಳೆದುಹೋದ ಬೆಳಿಗ್ಗೆ ಅದು ಇನ್ನೂ ಹತ್ತಿರ ಬಂದಂತಿರುತ್ತದೆ. ದೂರದ್ದು ಮಸುಕು, ಹತ್ತಿರದ್ದು ನಿಚ್ಚಳ ಎಂಬ ಹಳೇ ಲೆಕ್ಕವನ್ನೇ ಮಿದುಳು ಅಲ್ಲೂ ಹಾಕುತ್ತದೆ. ಬೆಟ್ಟ ಇದ್ದಲ್ಲೇ ಇರುತ್ತದೆ. ಅಂದಾಜು ಮಾತ್ರ ಮುಂದೆ ಜರುಗುತ್ತದೆ.

ಮಾಮನ ಬಲಗಣ್ಣಿಗೆ ಪೊರೆ ಬಂದಾಗ ಈ ಬಂಡವಾಳದ ಬೆಲೆ ಮನೆಮಂದಿಗೆಲ್ಲ ತಿಳಿಯಿತು. ಚೊಂಬಿನಿಂದ ಲೋಟಕ್ಕೆ ಬಗ್ಗಿಸಿದ ಕಾಫಿ ಲೋಟದ ಪಕ್ಕಕ್ಕೆ ನೇರವಾಗಿ ಸುರಿಯುತ್ತಿತ್ತು. "ಲೋಟ ಜರುಗ್ತಾ ಐತೆ" ಎಂದು ಮಾಮ. "ಲೋಟಕ್ಕೆ ಕಾಲಿಲ್ಲ, ನಿಮಗೆ ಕಣ್ಣಿಲ್ಲ" ಎಂದು ಅತ್ತೆ. ಆದರೆ ವಿಚಿತ್ರ ನೋಡಿ, ಲೋಟದಲ್ಲಿ ಸೋತವನು ಮರದಲ್ಲಿ ಸೋಲಲಿಲ್ಲ. ಆ ವರ್ಷವೂ ಒಂಟಿಗಣ್ಣಿನಲ್ಲೇ ಗುತ್ತಿಗೆ ಹಿಡಿದು ಲಾಭ ಮಾಡಿದ.

ಗುಟ್ಟು ಅವನ ಕಾಲಿನಲ್ಲಿತ್ತು. ಮಾಮ ಯಾವ ಮರವನ್ನೂ ನಿಂತು ನೋಡುವವನಲ್ಲ. ದೇವರಗುಡಿಗೆ ಬಂದವನ ಹಾಗೆ ಸುತ್ತು ಹಾಕುತ್ತಾನೆ. ನಡೆದಂತೆಲ್ಲ ಹತ್ತಿರದ ಕೊಂಬೆ ಬೇಗ ಹಿಂದೆ ಸರಿಯುತ್ತದೆ, ಆಚೆಯದು ನಿಧಾನಕ್ಕೆ. ಆ ವೇಗದ ವ್ಯತ್ಯಾಸದಿಂದಲೇ ಮರ ಎಷ್ಟು ದಪ್ಪ, ಒಳಗೆ ಎಷ್ಟು ಟೊಳ್ಳು ಎಂಬುದು ಒಂದೇ ಕಣ್ಣಿಗೂ ದಕ್ಕುತ್ತದೆ. ಕೊರಟಗೆರೆಯಿಂದ ಮಧುಗಿರಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆಲ್ಲ ಇದು ಗೊತ್ತು: ರಸ್ತೆ ಬದಿಯ ಮರಗಳು ಹಿಂದಕ್ಕೆ ಓಡುತ್ತವೆ, ಚನ್ನರಾಯನದುರ್ಗ ಮಾತ್ರ ಟಿಕೆಟ್ ತೆಗೆದುಕೊಳ್ಳದೆ ನಮ್ಮ ಜೊತೆಯಲ್ಲೇ ಬರುತ್ತದೆ.

ಇಷ್ಟಾದರೂ ಕಣ್ಣನ್ನು ನಂಬದ ಜಾಗವೂ ನಮ್ಮಲ್ಲಿದೆ. ಕುರಿ ಸಂತೆಯಲ್ಲಿ ಯಾವ ವ್ಯಾಪಾರಿಯೂ ಬರೀ ನೋಡಿ ಬೆಲೆ ಹೇಳುವುದಿಲ್ಲ. ಉಣ್ಣೆಯೊಳಗೆ ಕೈ ತೂರಿಸಿ ಬೆನ್ನುಮೂಳೆ ಒತ್ತುತ್ತಾನೆ. ಕಣ್ಣಿಗೆ ಕಂಡ ಗಾತ್ರದಲ್ಲಿ ಕುರಿಯ ಪಾಲು ಎಷ್ಟು, ಕೂದಲಿನ ಪಾಲು ಎಷ್ಟು ಎಂದು ಬೆರಳೇ ತೀರ್ಮಾನಿಸಬೇಕು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲಿನ ಕೃಷ್ಣಮೃಗಕ್ಕೆ ಇಂಥ ತಲೆನೋವಿಲ್ಲ. ಅದರ ಕಣ್ಣುಗಳು ತಲೆಯ ಅಕ್ಕಪಕ್ಕದಲ್ಲಿವೆ, ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಬಂದವನು ಎಷ್ಟು ದೂರದಲ್ಲಿದ್ದಾನೆ ಎಂದು ಅಳೆಯುತ್ತ ಕೂರುವುದಕ್ಕಿಂತ, ಬಂದ ಎಂದು ತಿಳಿದೊಡನೆ ಓಡುವುದು ಅದಕ್ಕೆ ಲಾಭ.

ಚಪ್ಪಟೆಯದನ್ನು ಆಳವೆಂದು ನಂಬಿಸುವ ಕಲೆಯಲ್ಲಿ ನಮ್ಮ ತುಮಕೂರು ಜಿಲ್ಲೆ ಹಿಂದೆ ಬಿದ್ದಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯ ಜಿಲ್ಲೆ ಇದು. ಇವತ್ತಿಗೂ ಹಳ್ಳಿಹಳ್ಳಿಯಲ್ಲಿ 'ಕುರುಕ್ಷೇತ್ರ' ಆಡುತ್ತಾರೆ, ಸೀನರಿ ಬಾಡಿಗೆಗೆ ತರುತ್ತಾರೆ. ಅರಮನೆಯ ಪರದೆಯಲ್ಲಿ ಕಂಬಗಳು ಹಿಂದೆ ಹೋದಂತೆ ಗಿಡ್ಡವಾಗುತ್ತವೆ, ನೆಲದ ಚೌಕಗಳು ಕಿರಿದಾಗುತ್ತವೆ, ಒಂದು ಮೊಳ ಬಟ್ಟೆಯಲ್ಲಿ ಒಂದು ಫರ್ಲಾಂಗು ಹಜಾರ ತೆರೆದುಕೊಳ್ಳುತ್ತದೆ. ತೊಂದರೆ ಬರುವುದು ದುರ್ಯೋಧನನಿಂದ. ಪಾತ್ರಕ್ಕೆ ದುಡ್ಡು ಕಟ್ಟಿ ಕಿರೀಟ ಇಟ್ಟವನು ಕಟ್ಟಿದ್ದಷ್ಟೂ ಜಾಗದಲ್ಲಿ ಓಡಾಡದೆ ಬಿಟ್ಟಾನೆಯೇ? ಆವೇಶ ಬಂದು ಹಿಂದೆ ಹಿಂದೆ ಸರಿದು, ದೂರದ ಕಂಬದ ಪಕ್ಕ ನಿಂತರೆ, ಕಂಬ ಅವನ ಸೊಂಟಕ್ಕೆ ಬರುತ್ತದೆ. ಹಸ್ತಿನಾವತಿಯ ಅರಮನೆ ಗೊಂಬೆಮನೆಯಾಗುತ್ತದೆ. ಹಾರ್ಮೋನಿಯಂ ಮೇಷ್ಟ್ರು ಕಣ್ಣಲ್ಲೇ "ಮುಂದಕ್ಕೆ ಬಾ" ಎನ್ನುತ್ತಾರೆ. ಜನ ಮಾತ್ರ ಶಿಳ್ಳೆ ಹೊಡೆಯುತ್ತಾರೆ. ಅವರ ದುರ್ಯೋಧನ ಯಾವತ್ತೂ ಅರಮನೆಗಿಂತ ದೊಡ್ಡವನೇ.

ಪರದೆಯ ಆ ಚೌಕಗಳ ಯುಕ್ತಿಯನ್ನು ಬಯಲಲ್ಲೇ ನೋಡಬೇಕೆಂದರೆ ಪಾವಗಡಕ್ಕೆ ಹೋಗಬೇಕು. ತಿರುಮಣಿ ಸುತ್ತ 13,000 ಎಕರೆಯಲ್ಲಿ ಹಾಸಿದ 2050 ಮೆಗಾವಾಟಿನ ಸೋಲಾರ್ ಪಾರ್ಕಿನಲ್ಲಿ ಹತ್ತಿರದ ಹಲಗೆಗಳು ದೊಡ್ಡವು, ವಿರಳ. ಹೋಗ್ತಾ ಹೋಗ್ತಾ ಸಣ್ಣವು, ಒತ್ತೊತ್ತು. ನೆಲದ ಮೇಲಿನ ಇಂಥ ನೇಯ್ಗೆ ದೂರವಾದಂತೆ ಒತ್ತಾಗುವುದೇ ಕಣ್ಣಿಗೆ ಸಿಗುವ ದೊಡ್ಡ ಅಳತೆಗೋಲು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಗಿಬ್ಸನ್ 1950ರಲ್ಲಿ ಬರೆದ. ಮಧುಗಿರಿಯ ಬೋಳು ಬಂಡೆ ಹುಡುಗರನ್ನು ಯಾಮಾರಿಸುವುದು ಅಳತೆಗೆ ಸಿಗುವ ಇಂಥ ನೇಯ್ಗೆ ಅದರ ಮೈಮೇಲೆ ಇಲ್ಲದ್ದರಿಂದ. ಪಾವಗಡದಲ್ಲಿ ಇನ್ನೂ ದೂರ ಹೋದರೆ ಹಲಗೆಗಳೆಲ್ಲ ಬೆರೆತು ನೀಲಿ ಹೊಳಪು ಮಾತ್ರ ಉಳಿಯುತ್ತದೆ. ಹೊಸಬರು "ಅಬ್ಬಾ, ಎಷ್ಟು ದೊಡ್ಡ ಕೆರೆ!" ಎನ್ನುತ್ತಾರೆ. ಬರಕ್ಕೆ ಹೆಸರಾದ ಪಾವಗಡದವರು ಈ ಮಾತಿಗೆ ನಗುವುದೋ ಅಳುವುದೋ ತಿಳಿಯದೆ ಬಾಟಲಿ ನೀರು ಕೊಡುತ್ತಾರೆ.

ಇನ್ನೊಂದು ಮೋಸ ಮೊಬೈಲಿನಲ್ಲೇ ಮಾಡಿ ನೋಡಬಹುದು. ಮಧುಗಿರಿ ಬೆಟ್ಟದ ಕಡಿದಾದ ಕಡೆ ಕಾಲಿಡಲು ಕೊರೆದ ಗುಳಿಗಳ ಫೋಟೋ ತೆಗೆದು ತಲೆಕೆಳಗು ಮಾಡಿ ಹಿಡಿದರೆ, ಗುಳಿಗಳೆಲ್ಲ ಗುಬುಟುಗಳಾಗಬಹುದು. ಬೆಳಕು ಮೇಲಿನಿಂದಲೇ ಬರುತ್ತದೆ, ಅದೂ ಒಂದೇ ಕಡೆಯಿಂದ ಎಂದು ಮಿದುಳು ಹಟ ಹಿಡಿದು ಕೂತಿರುವುದೇ ಕಾರಣ. ತಮಿಳುನಾಡಿನಲ್ಲಿ ಹುಟ್ಟಿದ ವಿ. ಎಸ್. ರಾಮಚಂದ್ರನ್ ಇದನ್ನು 1988ರಲ್ಲಿ ಚೆನ್ನಾಗಿ ತೋರಿಸಿದರು. ಒಬ್ಬನೇ ಸೂರ್ಯನ ಕೆಳಗೆ ಲಕ್ಷಾಂತರ ವರ್ಷ ಬಾಳಿದ ಮಿದುಳು ಮೊಬೈಲು ಬಂತೆಂದು ಲೆಕ್ಕ ಬದಲಾಯಿಸೀತೆ?

ಕೊನೆಗೂ ಮಾಮ ಆಪರೇಷನ್ ಮಾಡಿಸಿಕೊಂಡ. ಕಾಫಿ ಲೋಟದೊಳಕ್ಕೇ ಬೀಳತೊಡಗಿತು. ಅತ್ತೆಗೆ ಜಗಳಕ್ಕೆ ಬೇರೆ ವಿಷಯ ಹುಡುಕುವ ಕಷ್ಟ ಬಂತು. ಆ ಸುಗ್ಗಿಯಲ್ಲಿ ಮರ ನೋಡಲು ನನ್ನನ್ನೂ ಕರೆದೊಯ್ದ. ಕಪ್ಪು ಕನ್ನಡಕ ತೆಗೆದು ಮರಕ್ಕೆ ಸುತ್ತು ಹಾಕಿ, ಮುಖ ಸಪ್ಪೆ ಮಾಡಿಕೊಂಡು ಮರದ ಯಜಮಾನನಿಗೆ ಹೇಳಿದ: "ಹೋದ್ವರ್ಷ ಕಣ್ಣು ಮಂಜು ಮಂಜು, ಮೋಸ ಹೋದೆ ಗೌಡ್ರೆ. ಈಗ ನಿಚ್ಚಳವಾಗಿ ಕಾಣ್ತೈತೆ. ಹಣ್ಣು ಅರ್ಧಾನೂ ಇಲ್ಲ."

ನನಗೋ ಓದಿದ್ದು ನಾಲಿಗೆ ತುದಿಗೆ ಬಂದಿತ್ತು. ಎಲೆ, ಕೊಂಬೆ, ಕಾಯಿ ಕಲಸಿಹೋದಲ್ಲಿ ಒಂದೊಂದನ್ನೂ ಬಿಡಿಸಿ ಮುಂದೆ ತೋರಿಸುವುದು ಎರಡು ಕಣ್ಣಿನ ಒಂದು ಮುಖ್ಯ ಕೆಲಸ. ಬರೀ ಚುಕ್ಕಿಗಳ ರಾಶಿಯಲ್ಲಿ ಅಡಗಿಸಿದ ಆಕಾರವನ್ನೂ ಎರಡು ಕಣ್ಣು ಸೇರಿ ಎತ್ತಿ ತೋರಿಸುತ್ತವೆ ಎಂದು ವಿಜ್ಞಾನಿ ಬೇಲಾ ಯೂಲೆಸ್ 1960ರ ಸುಮಾರಿಗೇ ಸಾಬೀತು ಮಾಡಿದ್ದ. "ಇಲ್ಲ ಮಾಮ, ಎರಡು ಕಣ್ಣಿದ್ದರೆ ಹಣ್ಣು ಜಾಸ್ತಿ ಕಾಣಬೇಕು" ಎಂದೆ.

ಮಾಮ ನನ್ನ ಕಾಲು ತುಳಿದ. ಒಂದಿಷ್ಟೂ ಆಚೀಚೆ ಆಗದೆ, ಕಿರುಬೆರಳಿನ ಮೇಲೇ ಬಿತ್ತು ಹೆಜ್ಜೆ. ಆಪರೇಷನ್ ಚೆನ್ನಾಗಿಯೇ ಆಗಿತ್ತು.