ಜೀರ್ಣ ಪಿಕಪ್ಪಿನ ಪರಕಾಯ ಪ್ರವೇಶ: ದಢೇಸುಗೂರು ಸೀಮೆಯ ಎಂಜಿನ್ ಮೀಮಾಂಸೆ

ಪೆಟ್ರೋಲ್ ಎಂಜಿನ್ನು ಸತ್ತುಹೋದ ಹಳೆಯ ಪಿಕಪ್ಪಿನ ಒಡಲಿಗೆ ಬೇರೊಂದು ಗಾಡಿಯ ಡೀಸೆಲ್ ಎಂಜಿನ್ನು ಕೂಡಿಸಿ, ಅದನ್ನು ಮರಳಿ ರಸ್ತೆಗೆ ಇಳಿಸುವ ವಿದ್ಯೆಗೆ ಶಾಸ್ತ್ರದಲ್ಲಿ ಪರಕಾಯ ಪ್ರವೇಶವೆಂದು ಹೆಸರು. ಗ್ಯಾರೇಜಿನಲ್ಲಿ ಇದನ್ನೇ ‘ಎಂಜಿನ್ ಬದ್ಲಿ’ ಎನ್ನುತ್ತಾರೆ. ಪುರಾಣದ ಪರಕಾಯ ಪ್ರವೇಶಕ್ಕೂ ಇದಕ್ಕೂ ಒಂದು ಭೇದವುಂಟು. ಅಲ್ಲಿ ಯೋಗಿಯಾದವನು ರಾಜನ ಶವವನ್ನು ಹೊಗುವ ಮೊದಲು ತನ್ನ ಮೂಲ ಶರೀರವನ್ನು ಶಿಷ್ಯರ ಕಾವಲಿನಲ್ಲಿ ಇಟ್ಟು ಹೋಗುತ್ತಾನೆ. ಇಲ್ಲಿ ಎಂಜಿನ್ನು ಬಿಟ್ಟುಬಂದ ಶರೀರ ಆಗಲೇ ಗುಜರಿ ಅಂಗಡಿಯ ತಕ್ಕಡಿ ಏರಿರುತ್ತದೆ. ಆದ್ದರಿಂದ ಮರಳುವ ಮಾತಿಲ್ಲ.

ಈ ವಿದ್ಯೆಯ ಅಧ್ಯಯನಕ್ಕೆ ದಢೇಸುಗೂರು ಸೀಮೆ ಪ್ರಶಸ್ತವಾದುದು. ರಾಯಚೂರು ಜಿಲ್ಲೆ, ಸಿಂಧನೂರು ತಾಲ್ಲೂಕಿನ ಈ ಊರು ತುಂಗಭದ್ರೆಯ ದಂಡೆಯಲ್ಲಿದೆ. ಇಲ್ಲಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬೆಳೆಯ ಬಗ್ಗೆ ಸಂಶೋಧನೆ ನಡೆಯುತ್ತದೆ. ಬೆಳೆ ಹೊರುವ ಗಾಡಿಗಳ ಬಗ್ಗೆ ಅಂಥ ಕೇಂದ್ರ ಇನ್ನೂ ಆಗಿಲ್ಲ. ಪ್ರಸ್ತುತ ಪ್ರಬಂಧವು ಆ ಕೊರತೆಯನ್ನು ತುಂಬಲು ಹೊರಟಿದೆ. ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರಿನ ಯರೆಭೂಮಿ ಗದ್ದೆಯಾಯಿತು. ಗದ್ದೆಯ ಕೆಸರು ಗಾಡಿಯ ತಳವನ್ನು ತುಕ್ಕಿನಿಂದ ಕೊಲ್ಲುತ್ತದೆ. ಮಸ್ಕಿ, ಲಿಂಗಸುಗೂರಿನ ಕಡೆಗೆ ಕಲ್ಲು ಹೆಚ್ಚು. ಅಲ್ಲಿ ಗಾಡಿ ಕಮಾನ್ ಪಟ್ಟಿ ಮುರಿದು ಸಾಯುತ್ತದೆ. ಮೊದಲನೆಯದು ಕಫದೋಷ, ಎರಡನೆಯದು ವಾತದೋಷ. ಎರಡೂ ಕಡೆ ಓಡಾಡಿದ ಗಾಡಿಗೆ ಔಷಧಿಯಿಲ್ಲ, ಎಂಜಿನ್ ಬದ್ಲಿ ಮಾತ್ರ ಇದೆ.

ಈ ಪಿಕಪ್ ಪ್ರಭೇದದ ಮೂಲಪುರುಷ ಸರ್ಕಾರಿ ಜೀಪು. ಮಹೀಂದ್ರ ಕಂಪನಿ 1947ರಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಬಳಿಕ ಬಂದ ಸಿಜೆ-3ಬಿ ಮಾದರಿಯಲ್ಲಿ 2.2 ಲೀಟರಿನ ‘ಹರಿಕೇನ್’ ಪೆಟ್ರೋಲ್ ಎಂಜಿನ್ನು ಇತ್ತು. ಹೆಸರಿನ ಅರ್ಥ ಚಂಡಮಾರುತ. ಆ ವೇಗವನ್ನು ಅದು ಪೆಟ್ರೋಲ್ ಕುಡಿಯುವುದರಲ್ಲಿ ತೋರಿಸುತ್ತಿತ್ತು. ಇಲಾಖೆಗಳ ಸಾಹೇಬರನ್ನು ಹೊತ್ತು ಸವೆದ ಜೀಪು ಒಂದು ದಿನ ‘ಕಂಡಮ್’ ಆಗಿ ಕಚೇರಿಯ ಬೇವಿನ ಮರದ ಕೆಳಗೆ ನಿಲ್ಲುತ್ತಿತ್ತು, ನಾಲ್ಕು ಮಳೆಗಾಲ ನೆನೆಯುತ್ತಿತ್ತು, ಕೊನೆಗೆ ಹರಾಜಾಗುತ್ತಿತ್ತು. ಕೊಂಡವನು ಹಿಂದಿನ ಸೀಟುಗಳನ್ನು ಕಿತ್ತು, ಟಾಪು ಕತ್ತರಿಸಿ, ಕಬ್ಬಿಣದ ಶೀಟಿನ ಬಾಡಿ ಕಟ್ಟಿಸಿದರೆ ಪಿಕಪ್ಪಿನ ಜನನವಾಗುತ್ತಿತ್ತು. ಸರ್ಕಾರಿ ಸೇವೆಯಿಂದ ನಿವೃತ್ತಿಯಾದ ಮೇಲೆ ಪಿಂಚಣಿಯಿಲ್ಲದೆ ದುಡಿಯುವ ಏಕೈಕ ಜೀವಿ ಇದೇ ಎಂಬ ಅಭಿಪ್ರಾಯವುಂಟು. ಅದನ್ನು ದಿನಗೂಲಿ ನೌಕರರು ಒಪ್ಪುವುದಿಲ್ಲ.

ಜೀರ್ಣೋದ್ಧಾರದ ಮೊದಲ ಹಂತ ಉತ್ಖನನ. ಮಸ್ಕಿಯಲ್ಲಿ ಪುರಾತತ್ವಜ್ಞ ಬಿ. ಕೆ. ಥಾಪರ್ 1954ರಲ್ಲಿ ನೆಲ ಅಗೆದು ನವಶಿಲಾಯುಗದಿಂದ ಮಧ್ಯಯುಗದವರೆಗೆ ನಾಲ್ಕು ಕಾಲಘಟ್ಟಗಳನ್ನು ಗುರುತಿಸಿದರು. ಪಿಕಪ್ಪಿನ ಬಾಗಿಲನ್ನು ಉಜ್ಜುಕಾಗದದಿಂದ ತಿಕ್ಕಿದಾಗಲೂ ನಾಲ್ಕೇ ಸ್ತರಗಳು ಸಿಗುತ್ತವೆ. ಎಲ್ಲಕ್ಕಿಂತ ಕೆಳಗೆ ಕಂಪನಿಯ ಬಣ್ಣ. ಅದರ ಮೇಲೆ ಇಲಾಖೆಯ ಬಿಳಿ. ಈ ಸ್ತರದಲ್ಲಿ ‘ಸರ್ಕಾರ’ ಎಂಬ ಪದದ ಕೊನೆಯ ಎರಡು ಅಕ್ಷರ ಅರೆಬರೆ ಉಳಿದಿರುತ್ತವೆ. ಮೂರನೆಯದು ಚುನಾವಣಾ ಸ್ತರ, ಇದರ ಬಣ್ಣ ಪಕ್ಷವನ್ನು ಅವಲಂಬಿಸಿದ್ದು, ಒಂದೇ ಬಾಗಿಲಲ್ಲಿ ಎರಡು ಬಣ್ಣ ಕಂಡರೆ ಮಾಲೀಕ ನಡುವೆ ಪಕ್ಷ ಬಿಟ್ಟನೆಂದು ತಿಳಿಯಬೇಕು. ನಾಲ್ಕನೆಯದು ಪುಟ್ಟಿ. ಹಲವು ಗಾಡಿಗಳಲ್ಲಿ ತಗಡು ಎಂದೋ ಕರಗಿ, ಬಾಗಿಲೆಂದರೆ ಪುಟ್ಟಿಯೇ ಆಗಿರುತ್ತದೆ. ಅಂಥಲ್ಲಿ ಹೆಚ್ಚು ತಿಕ್ಕಿದ ಸಂಶೋಧಕನ ಕೈ ಆಚೆ ಬದಿಯಲ್ಲಿ ಹೊರಬಂದ ಉದಾಹರಣೆಗಳಿವೆ. ಪಿಕ್ಲಿಹಾಳದಲ್ಲಿ ಅಗೆದ ಪುರಾತತ್ವಜ್ಞ ಆಲ್ಚಿನ್ನರಿಗೆ ಈ ಅಪಾಯ ಇರಲಿಲ್ಲ.

ಉತ್ಖನನದಲ್ಲಿ ಅತಿ ಮುಖ್ಯವಾದ ಶೋಧ ಚಾಸಿಸ್ ನಂಬರು. 1915ರಲ್ಲಿ ಮಸ್ಕಿಯ ಬಂಡೆಶಾಸನ ಸಿಗುವ ತನಕ ಶಾಸನಗಳ ‘ದೇವಾನಾಂಪ್ರಿಯ’ ರಾಜ ಯಾರೆಂಬುದು ವಿದ್ವಾಂಸರ ಊಹೆಗೆ ಬಿಟ್ಟ ವಿಷಯವಾಗಿತ್ತು. ಆ ಶಾಸನದಲ್ಲಿ ಅಶೋಕನೆಂಬ ಹೆಸರೇ ಸಿಕ್ಕಿತು, ವಾದ ಮುಗಿಯಿತು. ಅದೇ ರೀತಿ, ಚಾಸಿಸ್ ನಂಬರು ಸಿಗುವ ತನಕ ಗ್ಯಾರೇಜಿನಲ್ಲಿ ನಿಂತ ಕಬ್ಬಿಣದ ರಾಶಿ ಯಾವ ಗಾಡಿ, ಯಾರ ಗಾಡಿ ಎಂಬುದೂ ಊಹೆಯೇ. ಸೀಮೆಎಣ್ಣೆ ಸುರಿದು, ತಂತಿ ಬ್ರಷ್ಷಿನಿಂದ ಗ್ರೀಸಿನ ಪದರ ತೆಗೆದಾಗ ಅಕ್ಷರಗಳು ಮೂಡುತ್ತವೆ. ಅವುಗಳ ಮೇಲೆ ಸೆಲ್ಲೋಟೇಪು ಅಂಟಿಸಿ ಪೆನ್ಸಿಲ್ ಉಜ್ಜಿ ಪಡಿಯಚ್ಚು ತೆಗೆಯುವ ಕಲೆ ಆರ್‌ಟಿಒ ಕಚೇರಿಯ ಸುತ್ತಲಿನವರಿಗೆ ಕರತಲಾಮಲಕ. ಶಾಸನತಜ್ಞರು ಒದ್ದೆ ಕಾಗದವನ್ನು ಬಂಡೆಗೆ ಬಡಿದು ತೆಗೆಯುವುದೂ ಇದನ್ನೇ. ಸಂಬಳದಲ್ಲಿ ಮಾತ್ರ ವ್ಯತ್ಯಾಸ.

ಇನ್ನು ಡೀಸೆಲ್ಲೇ ಏಕೆ ಎಂಬ ಪೂರ್ವಪಕ್ಷ. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು; ಕಿಡಿಗೆ ಪ್ಲಗ್ಗು, ಕಾಯಿಲು, ಡಿಸ್ಟ್ರಿಬ್ಯೂಟರು ಬೇಕು; ಕೆಸರು ಸಿಡಿದರೆ ಇವೆಲ್ಲ ಮುನಿಸಿಕೊಳ್ಳುತ್ತವೆ. ಹಳೆಯ ಜೀಪಿನ ಎಂಜಿನ್ನು ಗಾಳಿಯನ್ನು ಸುಮಾರು ಏಳು ಪಟ್ಟು ಒತ್ತುತ್ತಿತ್ತು. ಡೀಸೆಲ್ ಎಂಜಿನ್ನು ಸುಮಾರು ಇಪ್ಪತ್ತು ಪಟ್ಟು ಒತ್ತುತ್ತದೆ. ಆ ಒತ್ತಡಕ್ಕೆ ಗಾಳಿಯ ಶಾಖ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಎಣ್ಣೆ ಸಿಂಪಡಿಸಿದೊಡನೆ ತಾನೇ ಹೊತ್ತಿಕೊಳ್ಳುತ್ತದೆ. ಕಡಿಮೆ ಸುತ್ತಿನಲ್ಲೇ ಎಳೆಯುವ ಬಲ ಸಿಗುವುದರಿಂದ ಭತ್ತದ ಚೀಲ ಹೇರಿದ ಗಾಡಿ ಗದ್ದೆಯ ಬದುವಿನಿಂದ ರಸ್ತೆಗೆ ಏರುತ್ತದೆ. ಇದು ಸಿದ್ಧಾಂತ. ವ್ಯವಹಾರದಲ್ಲಿ ಕಾರಣ ಇನ್ನೂ ಸರಳ: ಟ್ರ್ಯಾಕ್ಟರಿಗೆಂದು ತಂದ ಡೀಸೆಲ್ ಕ್ಯಾನು ಮನೆಯಲ್ಲಿ ಹೇಗೂ ಇರುತ್ತದೆ.

ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಇಂಥ ಒಂದು ಎಂಜಿನ್ನು ಶೇಂಗಾ ಎಣ್ಣೆಯಲ್ಲಿ ಓಡಿತು. ಶೇಂಗಾ ಬೆಳೆಯುವ ರಾಯಚೂರು ಜಿಲ್ಲೆಗೆ ಈ ಶಾಸ್ತ್ರದಲ್ಲಿ ಪಿತ್ರಾರ್ಜಿತ ಹಕ್ಕಿದೆ ಎಂದು ವಾದಿಸಲು ಇಷ್ಟು ಆಧಾರ ಸಾಕು. ಆದರೆ ಇಂದಿನ ಶೇಂಗಾ ಎಣ್ಣೆಯ ದರದಲ್ಲಿ ಆ ಹಕ್ಕು ಚಲಾಯಿಸುವುದು ಜಾಣತನವಲ್ಲ. ಡೀಸೆಲ್ 1913ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾದ. ಅವನಿಗೆ ಸಾಲಗಾರರ ಕಾಟವಿತ್ತು. ಎಂಜಿನ್ ಬದ್ಲಿಗೆ ಕೈಹಾಕಿದವರಲ್ಲಿ ಈ ಪರಂಪರೆಯೂ ಅವಿಚ್ಛಿನ್ನವಾಗಿ ಸಾಗಿಬಂದಿದೆ.

ಒಡಲು ಹೊಗುವ ಜೀವಗಳಲ್ಲಿ ಮೂರು ಕುಲಗಳು ಪ್ರಸಿದ್ಧ. ಮೊದಲನೆಯದು ಟ್ರ್ಯಾಕ್ಟರ್ ಕುಲ. ಮಹೀಂದ್ರ ಕಂಪನಿ 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆಗೂಡಿ ಟ್ರ್ಯಾಕ್ಟರ್ ತಯಾರಿಕೆಗೆ ಇಳಿಯಿತು. ಅಲ್ಲಿಂದ ಬಂದ ಬಿ-275 ಟ್ರ್ಯಾಕ್ಟರಿನ ಎಂಜಿನ್ನು ಮುಂದೆ ಜೀಪಿಗೂ ಹೋಯಿತು, ಅಂದರೆ ಕಂಪನಿಯೇ ಈ ವಿದ್ಯೆಯ ಆದ್ಯ ಪ್ರವರ್ತಕ. ಎರಡನೆಯದು ಫ್ರೆಂಚ್ ಕುಲ, ಪ್ಯೂಜೋ ಎಕ್ಸ್‌ಡಿಪಿ 4.90. ಹೆಸರಿನಲ್ಲೇ ಜಾತಕವಿದೆ: ನಾಲ್ಕು ಸಿಲಿಂಡರು, ತಲಾ 90 ಮಿಲಿಮೀಟರ್ ಅಗಲ, ಒಟ್ಟು 2112 ಸಿಸಿ. ಮೂರನೆಯದು ಜರ್ಮನ್ ಕುಲ, ಮರ್ಸಿಡಿಸ್ ಬೆಂಜ್‌ನ ಒಎಂ616. ಫೋರ್ಸ್ ಟ್ರ್ಯಾಕ್ಸ್, ಕ್ರೂಸರ್ ಗಾಡಿಗಳ ಎಂಜಿನ್ನು ಇದರ ಸಂತಾನ. ಲಿಂಗಸುಗೂರಿನ ಸಂತೆಗೆ ಕ್ರೂಸರಿನ ಹಿಂದಿನ ಏಣಿಗೆ ಜೋತುಬಿದ್ದು ಹೋದವನೂ ಮರ್ಸಿಡಿಸ್ ವಂಶದ ಬಲದಿಂದಲೇ ಸಂತೆ ಮುಟ್ಟಿದ್ದಾನೆ. ಪಂಪ್‌ಸೆಟ್ಟಿನ ಒಂಟಿ ಸಿಲಿಂಡರ್ ಎಂಜಿನ್ನು ಕೂಡಿಸುವ ಉತ್ತರ ಭಾರತದ ಸಂಪ್ರದಾಯವನ್ನು ಇಲ್ಲಿ ಚರ್ಚಿಸಿಲ್ಲ. ಅದು ಗಾಡಿಯಲ್ಲ, ಓಡಾಡುವ ಬಾವಿ.

ಕ್ರಿಯಾಭಾಗದಲ್ಲಿ ಕನ್ನಡ ವ್ಯಾಕರಣದ ಲೋಪ, ಆದೇಶ, ಆಗಮಗಳೇ ಕ್ರಮವಾಗಿ ಬರುತ್ತವೆ. ಬೇವಿನ ಕೊಂಬೆಗೆ ಚೈನ್ ಪುಲ್ಲಿ ಕಟ್ಟಿ ಹಳೆಯ ಎಂಜಿನ್ನು ಎತ್ತಿ ತೆಗೆಯುವುದು ಲೋಪ. ಅದರ ಜಾಗದಲ್ಲಿ ಡೀಸೆಲ್ ಎಂಜಿನ್ನು ಇಳಿಸುವುದು ಆದೇಶ. ಇಳಿಸಿದ ಮೇಲೆ ‘ಇದೊಂದು ಬೇಕ್ರಿ, ಅದೊಂದು ಬೇಕ್ರಿ’ ಎಂದು ಗ್ಯಾರೇಜಿನ ಉಸ್ತಾದರು ಬರೆಸುವ ಚೀಟಿ ಆಗಮ. ಮೊದಲಿನ ಎರಡಕ್ಕೆ ಮಿತಿಯಿದೆ.

ಎಂಜಿನ್ನನ್ನು ಚಾಸಿಸ್ಸಿಗೆ ಹೇಗೆ ಕೂಡಿಸಬೇಕು ಎಂಬಲ್ಲಿ ಮತಭೇದ ತೀವ್ರವಾಗಿದೆ. ಎಂಜಿನ್ನೂ ಚಾಸಿಸ್ಸೂ ಒಂದೇ, ಭೇದವೆಂಬುದು ಭ್ರಮೆ ಎಂದು ನೇರವಾಗಿ ವೆಲ್ಡಿಂಗ್ ಹೊಡೆಯುವವರು ಅದ್ವೈತಿಗಳು. ಎರಡೂ ನಿತ್ಯ ಭಿನ್ನವೆಂದು ನಟ್ಟು ಬೋಲ್ಟಿನಿಂದ ಬಿಗಿಯುವವರು ದ್ವೈತಿಗಳು. ನಡುವೆ ರಬ್ಬರ್ ಬುಷ್ ಇಟ್ಟು, ಎಂಜಿನ್ನು ಚಾಸಿಸ್ಸಿಗೆ ಅಧೀನವಾಗಿದ್ದರೂ ತನ್ನ ನಡುಕವನ್ನು ತಾನೇ ಅನುಭವಿಸಲಿ ಎನ್ನುವವರು ವಿಶಿಷ್ಟಾದ್ವೈತಿಗಳು. ಅನುಭವ ಇವರ ಪರವಾಗಿದೆ. ಅದ್ವೈತಿಗಳ ಗಾಡಿಯಲ್ಲಿ ಕುಳಿತವರಿಗೆ ಮಸ್ಕಿ ಮುಟ್ಟುವಷ್ಟರಲ್ಲಿ ಹಲ್ಲು, ಕನ್ನಡಿ, ಹೆಡ್‌ಲೈಟು ಎಲ್ಲವೂ ಒಂದೇ ಲಯದಲ್ಲಿ ಅದುರುವ ಸಾಕ್ಷಾತ್ಕಾರವಾಗುತ್ತದೆ. ಆರು ತಿಂಗಳಿಗೆ ಚಾಸಿಸ್ಸು ಬಿರುಕು ಬಿಡುತ್ತದೆ.

ಈ ವಿದ್ಯೆಯ ಗುಟ್ಟು ಇರುವುದು ಎಂಜಿನ್ನಿನಲ್ಲೂ ಅಲ್ಲ, ಗೇರ್‌ಬಾಕ್ಸಿನಲ್ಲೂ ಅಲ್ಲ. ಅವೆರಡರ ನಡುವೆ ಕೂಡುವ ದಪ್ಪ ಕಬ್ಬಿಣದ ಪ್ಲೇಟಿನಲ್ಲಿ. ಜೀಪಿನ ಗೇರ್‌ಬಾಕ್ಸಿನ ಬೋಲ್ಟ್ ತೂತುಗಳು ಒಂದು ಕಡೆ, ಹೊಸ ಎಂಜಿನ್ನಿನ ತೂತುಗಳು ಇನ್ನೊಂದು ಕಡೆ ಇರುತ್ತವೆ. ಎರಡನ್ನೂ ಒಪ್ಪಿಸುವ ಪ್ಲೇಟನ್ನು ಲೇತ್ ಮಷೀನಿನವರು ಕಡೆದುಕೊಡುತ್ತಾರೆ. ಕ್ರ್ಯಾಂಕ್ ಶಾಫ್ಟಿನ ನಡುಗೆರೆಯೂ ಗೇರ್‌ಬಾಕ್ಸಿನ ಶಾಫ್ಟಿನ ನಡುಗೆರೆಯೂ ಕೂದಲೆಳೆಯಷ್ಟೂ ಆಚೀಚೆಯಾಗದೆ ಒಂದೇ ಸರಳರೇಖೆಯಲ್ಲಿ ನಿಲ್ಲಬೇಕು. ಒಳ್ಳೆಯ ಉಸ್ತಾದ್ ಡಯಲ್ ಗೇಜು ಇಟ್ಟು, ಫ್ಲೈವ್ಹೀಲನ್ನು ಕೈಯಿಂದ ತಿರುವುತ್ತ ಮುಳ್ಳು ಎಷ್ಟು ಅಲುಗುತ್ತದೆಂದು ನೋಡುತ್ತಾನೆ. ಮುಳ್ಳು ಅಲುಗಿದರೆ ಪ್ಲೇಟು ಬಿಚ್ಚಿ ಮತ್ತೆ ಲೇತಿಗೆ ಕಳಿಸುತ್ತಾನೆ. ಇದಕ್ಕೆ ಒಪ್ಪದ ಅವಸರದ ಮಾಲೀಕ ಕ್ಲಚ್ ಬೇರಿಂಗನ್ನು ಪದೇ ಪದೇ ಕೊಳ್ಳುತ್ತಾನೆ, ಕೊನೆಗೆ ಗೇರ್‌ಬಾಕ್ಸನ್ನೂ ಕೊಳ್ಳುತ್ತಾನೆ. ಈ ಶಾಸ್ತ್ರದಲ್ಲಿ ಹಾಸ್ಯಕ್ಕೆ ಎಡೆಯಿಲ್ಲದ ಅಧ್ಯಾಯ ಇದೊಂದೇ.

ಉಳಿದವು ಅಂಗಕ್ರಿಯೆಗಳು. ಡೀಸೆಲ್ ಎಂಜಿನ್ನು ಭಾರ, ಮುಂದಿನ ಕಮಾನಿಗೆ ಒಂದು ಪಟ್ಟಿ ಹೆಚ್ಚು ಹಾಕಬೇಕು. ಆಯಿಲ್ ಸಂಪು ಮುಂದಿನ ಹೌಸಿಂಗಿಗೆ ತಗಲುತ್ತದೆಯೇ ಎಂಬುದನ್ನು ಗಾಡಿ ನಿಂತಾಗ ನೋಡಿದರೆ ಸಾಲದು; ಗುಂಡಿಗೆ ಬಿದ್ದು ಕಮಾನು ಕುಗ್ಗಿದಾಗ ತಗಲುವ ಲೆಕ್ಕ ಹಾಕಬೇಕು. ಪಂಪಿನಿಂದ ಮಿಕ್ಕ ಡೀಸೆಲ್ ಟ್ಯಾಂಕಿಗೆ ಮರಳಲು ಇನ್ನೊಂದು ಪೈಪು ಬೇಕು. ರೇಡಿಯೇಟರು ದೊಡ್ಡದು ಬೇಕು, ಬ್ಯಾಟರಿ ದೊಡ್ಡದು ಬೇಕು. ಡೀಸೆಲ್ ಎಂಜಿನ್ನಿನಲ್ಲಿ ಪೆಟ್ರೋಲಿನದರಂತೆ ಗಾಳಿಯ ಸೆಳೆತ ಹುಟ್ಟುವುದಿಲ್ಲವಾದ್ದರಿಂದ, ಬ್ರೇಕಿಗೆ ಬೂಸ್ಟರು ಹಾಕಿಸುವವರು ಆಲ್ಟರ್ನೇಟರಿನ ಬೆನ್ನಿಗೆ ವ್ಯಾಕ್ಯೂಮ್ ಪಂಪು ಇರುವುದನ್ನೇ ಆರಿಸಬೇಕು. ಜೀಪಿನ ಮೂಲ ಕ್ರೌನ್ ಪಿನಿಯನ್ನು 5.38ರ ಅನುಪಾತದ್ದು. ಅದು ಎಳೆತಕ್ಕೆ ಲೇಸು, ಓಟಕ್ಕಲ್ಲ. ಡಾಂಬರು ರಸ್ತೆಯಲ್ಲಿ ಗಾಡಿ ಹೆಚ್ಚು ಅರಚುತ್ತದೆ, ಕಡಿಮೆ ಮುಂದೆ ಹೋಗುತ್ತದೆ.

ಕಾಲಮಾನದ ಬಗ್ಗೆ ಒಂದು ಪ್ರಾತಿನಿಧಿಕ ಸಂವಾದ:

‘ಉಸ್ತಾದ್ರ, ಗಾಡಿ ಯಾವಾಗ ಕೊಡ್ತೀರಿ?’

‘ನಾಳಿ ಮುಂಜಾನಿ ಬರ್ರಿ ಸಾವ್ಕಾರ್ರ. ಬರೀ ಪೈಪ್ ಜೋಡ್ಸೋದು ಉಳದೈತಿ.’

ಈ ಸಂವಾದ ಮುಂಗಾರಿನ ನಾಟಿಯ ಹೊತ್ತಿಗೆ ನಡೆದರೆ ಗಾಡಿ ಕೊಯ್ಲಿಗೆ ಸಿಗುತ್ತದೆ. ಕೊಯ್ಲಿನ ಹೊತ್ತಿಗೆ ನಡೆದರೆ ಬೇಸಿಗೆ ಬೆಳೆಗೆ ಸಿಗುತ್ತದೆ. ಎರಡನೇ ಬೆಳೆಗೆ ಕಾಲುವೆ ನೀರು ಬಿಡದ ವರ್ಷ ಯಾರಿಗೂ ಅವಸರವಿರುವುದಿಲ್ಲ.

ಜೀವಸಂಚಾರದ ದಿನ ಮೊದಲು ಪೈಪಿನೊಳಗಿನ ಗಾಳಿ ತೆಗೆಯಬೇಕು. ಫಿಲ್ಟರಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತ ಹೋದರೆ ಮೊದಲು ನೊರೆ, ಬಳಿಕ ಗುಳ್ಳೆ, ಕೊನೆಗೆ ಶುದ್ಧ ಡೀಸೆಲ್ ಬರುತ್ತದೆ. ಆಮೇಲೆ ಹೀಟರು, ಸೆಲ್ಫು, ಬಿಳಿ ಹೊಗೆ, ಕರಿ ಹೊಗೆ, ಶಬ್ದ. ಉಸ್ತಾದ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಆಲಿಸುತ್ತಾನೆ. ಆ ಹೊತ್ತಿನಲ್ಲಿ ಮಾಲೀಕನ ಮುಖ ಆಪರೇಷನ್ ಕೋಣೆಯ ಹೊರಗೆ ನಿಂತವನದು. ‘ಟ್ಯಾಪೆಟ್ ಅಷ್ಟ ಐತ್ರಿ’ ಎಂಬ ತೀರ್ಪು ಬಂದರೆ ನಿಂಬೆಹಣ್ಣು ಚಕ್ರದಡಿ ಸೇರುತ್ತವೆ. ಮೊದಲ ಯಾತ್ರೆ ಸಾಮಾನ್ಯವಾಗಿ ಸೋಮಲಾಪುರದ ಅಂಬಾಮಠಕ್ಕೆ, ಎರಡನೆಯದು ಅಕ್ಕಿ ಗಿರಣಿಗೆ. 75 ಕಿಲೋ ತೂಗುವ ಭತ್ತದ ಚೀಲಗಳನ್ನು ಹೇರಿ, ದಢೇಸುಗೂರಿನ ಸೇತುವೆ ದಾಟಿ ಸಿರುಗುಪ್ಪದ ಕಡೆ ಹೋಗಿ ಬಂದ ಗಾಡಿಯನ್ನು ಶಾಸ್ತ್ರವು ಉತ್ತೀರ್ಣವೆಂದು ಗಣಿಸುತ್ತದೆ. ಹೋಗಿ, ಬಾರದವು ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ಬರುತ್ತವೆ.

ಕೊನೆಯದು ಧರ್ಮಶಾಸ್ತ್ರ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ನಮೂದಿಸಿದ ವಿವರಕ್ಕೆ ಆರ್‌ಸಿ ಭಿನ್ನವಾಗುವ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಬೇರೆ ಇಂಧನಕ್ಕೆ ಬದಲಾಗುವವರಿಗೆ ಅದೇ ಕಲಮು ಬ್ಯಾಟರಿ, ಸಿಎನ್‌ಜಿ, ಸೌರಶಕ್ತಿ, ಎಲ್‌ಪಿಜಿ ಮುಂತಾದವನ್ನು ಹೆಸರಿಸಿ, ಪರಿವರ್ತನಾ ಕಿಟ್ಟಿನ ಮೂಲಕ, ನಿಯಮಕ್ಕೆ ಒಳಪಟ್ಟು ಎಂದು ದಾರಿ ತೋರಿಸಿದೆ. ಬೇವಿನ ಕೊಂಬೆಗೆ ಜೋತ ಕ್ರೂಸರಿನ ಎಂಜಿನ್ನು ಕಿಟ್ಟು ಎನಿಸಿಕೊಳ್ಳುವುದಿಲ್ಲ. ಅನುಮತಿ ಪಡೆದು ಮಾಡಿದ ಬದಲಾವಣೆಯನ್ನೂ 14 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೆ ಎರಡೂ. ಎಂಜಿನ್ನು, ಬಾಡಿ, ಟಾಪು, ಬ್ರೇಕು ಎಂದು ಎಣಿಸುತ್ತ ಹೋದರೆ ಗಾಡಿಯ ಬೆಲೆಯನ್ನು ದಂಡ ಬೇಗನೆ ಹಿಂದಿಕ್ಕುತ್ತದೆ. ಆದ್ದರಿಂದ ಆರ್‌ಟಿಒ ಕಚೇರಿಗೆ ಹೋಗಬೇಕಾದುದು ಚೈನ್ ಪುಲ್ಲಿ ಕಟ್ಟುವ ಮೊದಲು. ಖಾಸಗಿ ವಾಹನದ ನೋಂದಣಿಗೆ 15 ವರ್ಷ ಆಯುಷ್ಯ, ನವೀಕರಿಸಿದರೆ ಮತ್ತೆ 5 ವರ್ಷ. ಅಷ್ಟರಲ್ಲಿ ಗಾಡಿಗೆ ಇನ್ನೊಂದು ಎಂಜಿನ್ನು ಬೇಕಾದಲ್ಲಿ ಇದೇ ಕ್ರಮ ಅನ್ವಯಿಸುತ್ತದೆ.