ಟೈಪ್ ಜೋಯಿಸರು

ಓಕ್ಯಾಮಲ್‌ನಲ್ಲಿ ಕೋಡ್ ಬರೆಯುವ ತಂಡ ಬೆಂಗಳೂರಿನಲ್ಲಿ ಎಲ್ಲೇ ಇರಲಿ, ಅಲ್ಲೊಬ್ಬ ಟೈಪ್ ಜೋಯಿಸರು ಇದ್ದೇ ಇರುತ್ತಾರೆ. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಆರಿಹೋದ ಕಾಫಿ. ಕಂಪೈಲರ್ ಯಾರ ಮೇಲಾದರೂ ಸಿಡುಕಿದರೆ ಸಾಕು, ಕರೆಯದಿದ್ದರೂ ಕುರ್ಚಿಯ ಹಿಂದೆ ಬಂದು ನಿಂತಿರುತ್ತಾರೆ.

ತಪ್ಪು ಕಂಪೈಲರಿನದೂ ಇರಬಹುದಲ್ಲವೇ ಎಂದು ಅವರೆದುರು ಅನ್ನಬಾರದು. ಅಂದರೆ ರಾಬಿನ್ ಮಿಲ್ನರ್ 1978ರಲ್ಲಿ ಬರೆದ ಪ್ರಬಂಧದಿಂದ ಶುರುಮಾಡುತ್ತಾರೆ. ಊಟದ ಹೊತ್ತಿಗೆ 1982 ತಲುಪಿರುತ್ತಾರೆ.

ಮೊನ್ನೆ ಹೊಸದಾಗಿ ಸೇರಿದ ಹುಡುಗಿ ಸಿಕ್ಕಿಬಿದ್ದಳು. 212ನೇ ಸಾಲಿನಡಿ ಕೆಂಪು ಗೆರೆ: ಬೇಕಿದ್ದದ್ದು ಇಂಟ್, ಕೊಟ್ಟದ್ದು ಸ್ಟ್ರಿಂಗ್.

"ಸಾರ್, ಖಾಲಿ ಲಿಸ್ಟ್ ತಾನೇ? ಏನು ಬೇಕಾದ್ರೂ ಹಾಕಬಹುದಲ್ವಾ?"

ಜೋಯಿಸರ ಮುಖ ಅರಳಿತು. "212ರಲ್ಲಿ ಏನೂ ಇಲ್ಲ, ಬಿಡಮ್ಮ. ಮೇಲೆ ಹೋಗು. ಇನ್ನೂ ಮೇಲೆ."

14ನೇ ಸಾಲಿನಲ್ಲಿ ಖಾಲಿ ಲಿಸ್ಟಿಗೊಂದು ರೆಫ್. ಅದೊಂದನ್ನೇ ಟಾಪ್‌ಲೆವೆಲ್‌ಗೆ ಹಾಕಿಸಿದರು. ಟೈಪಿನ ಜಾಗದಲ್ಲಿ 'ವೀಕ್ 1' ಎಂದು ಬಂತು.

"ನೋಡಿದ್ಯಾ! ಸದ್ಯಕ್ಕೆ ಯಾವ ಟೈಪೂ ಅಲ್ಲ. ಮೊದಲು ಯಾವುದು ಬಂತೋ ಅದೇ ಗಟ್ಟಿ. 40ನೇ ಸಾಲಲ್ಲಿ ಒಂದು ನಂಬರ್ ಹಾಕಿದೀಯ. ಮುಗೀತು, ಇನ್ನು ಆಜನ್ಮ ಇಂಟ್."

ಹೀಗೆ ಕಟ್ಟಿಹಾಕದಿದ್ದರೆ ಒಂದು ಕಡೆ ನಂಬರ್ ತುರುಕಿ ಇನ್ನೊಂದು ಕಡೆ ಅದನ್ನೇ ಸ್ಟ್ರಿಂಗ್ ಎಂದು ತೆಗೆಯಬಹುದು, ಪ್ರೋಗ್ರಾಮು ಓಡುವಾಗಲೇ ಮುಗ್ಗರಿಸುತ್ತದೆ. ಆಂಡ್ರ್ಯೂ ರೈಟ್ 1995ರಲ್ಲಿ ಮುಂದಿಟ್ಟ ವ್ಯಾಲ್ಯೂ ರೆಸ್ಟ್ರಿಕ್ಷನ್ ಇರುವುದೇ ಇದಕ್ಕೆ. ಜೋಯಿಸರು ಇದನ್ನೆಲ್ಲ ಹೇಳಿದರು. ಇಷ್ಟು ಚುಟುಕಾಗಿ ಅಲ್ಲ.

"ಹಾಗಾದ್ರೆ ಅದರ ಟೈಪ್ 'ಎ ಲಿಸ್ಟ್ ರೆಫ್' ಅಂತ ನಾನೇ ಬರೆದುಬಿಡ್ಲಾ ಸಾರ್?"

"ಬರಿ. ಏನೂ ಆಗಲ್ಲ."

ಆಗುವುದೂ ಇಲ್ಲ. ಆ 'ಎ' ತೆಪ್ಪಗೆ ಇಂಟ್ ಆಗಿಬಿಡುತ್ತದೆ, 212ರಲ್ಲಿ ಅದೇ ಕೆಂಪು ಗೆರೆ. ಎಲ್ಲ ಟೈಪಿಗೂ ಸಲ್ಲಲೇಬೇಕು ಎಂದು ಹಟ ಹಿಡಿಯಬೇಕಾದರೆ ಟೈಪಿನ ಮುಂದೆ ಇನ್ನೊಂದು 'ಎ' ಬರೆದು, ಅದರ ಪಕ್ಕ ಒಂದು ಚುಕ್ಕಿ ಇಡಬೇಕು. ಆಗ ಕಂಪೈಲರ್ 14ನೇ ಸಾಲಿನಲ್ಲೇ, ಇದು ಅಷ್ಟಕ್ಕೆಲ್ಲ ಸಲ್ಲದು ಎಂದು ಬೈಯುತ್ತದೆ. ನಿಜಕ್ಕೂ ಉಪಯೋಗದ ಚುಕ್ಕಿ. ಆ ಚುಕ್ಕಿಯ ಮೇಲೆ ನಡೆದ ಪ್ರವಚನದಲ್ಲಿ ಅಕ್ಕಪಕ್ಕದ ಕುರ್ಚಿಗಳು ಒಂದೊಂದೇ ಖಾಲಿಯಾದವು. ಮನುಷ್ಯ ಹೇಳುವುದೆಲ್ಲ ಸರಿಯಾಗಿಯೇ ಇರುತ್ತದೆ, ಅದಕ್ಕೇ ಸಿಟ್ಟು ಬರುವುದು.

ಹುಡುಗಿ ರೆಫ್ ಹುಟ್ಟಿಸುವುದನ್ನು ಒಂದು ಫಂಕ್ಷನ್ ಮಾಡಿ, ನಂಬರಿಗೊಂದು ಸ್ಟ್ರಿಂಗಿಗೊಂದು ಬೇರೆಬೇರೆ ಮಾಡಿಕೊಂಡಳು. ಕೆಂಪು ಗೆರೆ ಹೋಯಿತು. ಜೋಯಿಸರ ಮುಖದ ಕಳೆಯೂ ಹೋಯಿತು.

ಗುರುದಕ್ಷಿಣೆಯಾಗಿ ಕ್ಯಾಂಟೀನಿನಿಂದ ಏನು ತರಲಿ ಎಂದು ಅವಳು ಕೇಳಿದಳು. "ಏನಾದ್ರೂ ಆಗುತ್ತೆ" ಎಂದರು. ನಂಬಿ ಪುಳಿಯೋಗರೆ ತಂದಳು.

ಜೋಯಿಸರು ತಟ್ಟೆ ನೋಡಿದರು. "ಬಿಸಿಬೇಳೆಬಾತ್ ಖಾಲಿ ಆಯ್ತೇನಮ್ಮ?"

ಕೆಲಸಕ್ಕೆ ಸೇರಿದ ದಿನ ಅದನ್ನೇ ತಿಂದಿದ್ದರಂತೆ.