ವೇತನಸಂನ್ಯಾಸ ಮೀಮಾಂಸೆ

ಮಾಸಾಂತ್ಯದಲ್ಲಿ ತಾನಾಗಿಯೇ ಬ್ಯಾಂಕಿನ ಖಾತೆಗೆ ಇಳಿದುಬರುವ ಸಂಬಳವನ್ನು ಸ್ವೇಚ್ಛೆಯಿಂದ ತ್ಯಜಿಸಿ, ತನಗೆ ತಾನೇ ಧಣಿಯಾಗುವೆನೆಂದು ಹೊರಟ ಗೃಹಸ್ಥನ ಅವಸ್ಥೆಗೆ ವೇತನಸಂನ್ಯಾಸವೆಂದು ಹೆಸರು. ಬೆಂಗಳೂರಿನ ಹೊರವರ್ತುಲ ರಸ್ತೆಯ ಇಕ್ಕೆಲಗಳಲ್ಲಿ ಗಾಜಿನ ಸೌಧಗಳು ಎದ್ದಂದಿನಿಂದ ಈ ಪಂಥಕ್ಕೆ ಅನುಯಾಯಿಗಳು ಹೆಚ್ಚುತ್ತಿದ್ದರೂ ಇದಕ್ಕೊಂದು ಶಾಸ್ತ್ರವಿಲ್ಲದಿರುವುದು ವಿದ್ವಲ್ಲೋಕಕ್ಕೆ ಶೋಭೆಯಲ್ಲವೆಂದು ಬಗೆದು, ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ಅನುಬಂಧಚತುಷ್ಟಯವನ್ನು ಮುಂದಿಟ್ಟುಕೊಂಡು ನಾವು ಈ ಪ್ರಬಂಧಕ್ಕೆ ತೊಡಗುತ್ತೇವೆ.

ಮೊದಲು ಅಧಿಕಾರಿಯ ಲಕ್ಷಣ. ಪುರಾಣವೈರಾಗ್ಯ, ಪ್ರಸೂತಿವೈರಾಗ್ಯ, ಸ್ಮಶಾನವೈರಾಗ್ಯಗಳೆಂದು ಹಿರಿಯರು ಮೂರನ್ನು ಎಣಿಸಿರುವರಷ್ಟೆ. ಅವರ ಕಾಲದಲ್ಲಿಲ್ಲದ ಅಪ್ರೈಸಲ್ ವೈರಾಗ್ಯವನ್ನು ನಾವು ನಾಲ್ಕನೆಯದಾಗಿ ಸೇರಿಸುತ್ತೇವೆ. ವರ್ಷವಿಡೀ ರಾತ್ರಿ ಹನ್ನೊಂದರ ಅಮೆರಿಕದ ಕಾಲ್‌ಗಳಿಗೆ ಕಿವಿಗೊಟ್ಟು ದುಡಿದವನನ್ನು ಕರೆದು ಕೂರಿಸಿ, ಆತನ ಕಾರ್ಯ ಶ್ಲಾಘ್ಯವೇ ಆದರೂ ಬೆಲ್ ಕರ್ವ್ ಎಂಬ ಘಂಟಾಕಾರದ ರೇಖೆಯಲ್ಲಿ ಉತ್ತಮವರ್ಗದ ಸ್ಥಾನಗಳೆಲ್ಲ ಭರ್ತಿಯಾಗಿರುವುದರಿಂದ ಆತನು ನಡುವಿನ ಉಬ್ಬಿನಲ್ಲಿಯೇ ಇರತಕ್ಕದ್ದೆಂದು ಮ್ಯಾನೇಜರು ನಗುಮೊಗದಿಂದ ತಿಳಿಸಿದಾಗ ಇದು ಉದಯಿಸುವುದು. ಮೊದಲಿನ ಮೂರು ವೈರಾಗ್ಯಗಳು ಮನೆಯ ಹೊಸಿಲು ತುಳಿಯುವಷ್ಟರಲ್ಲಿ ಆರಿಹೋಗುವುವು. ಇದಾದರೋ ಬೋನಸ್ಸು ಜಮೆಯಾಗುವವರೆಗೆ ಗುಪ್ತವಾಗಿದ್ದು, ಮರುದಿನ ರಾಜೀನಾಮೆಯಾಗಿ ಪ್ರಕಟಗೊಳ್ಳುವುದು. ತರುವಾಯ 90 ದಿನಗಳ ನೋಟೀಸೆಂಬ ವಾನಪ್ರಸ್ಥ. ಅದರ ಅಂತ್ಯದಲ್ಲಿ ಕೇಕು ಕತ್ತರಿಸಿ, ಕೊರಳಿನ ಐಡಿ ಕಾರ್ಡನ್ನು ಕಳಚಿಸಿಕೊಂಡು, "ನೀವು ಎಂದೆಂದಿಗೂ ನಮ್ಮ ಕುಟುಂಬದವರೇ" ಎಂದು ಹರಸುವ ವಿಧಿಯುಂಟು. ಆ ಕುಟುಂಬದ ಆರೋಗ್ಯವಿಮೆ ಅದೇ ಸಂಜೆಗೆ ಮುಗಿಯುವುದು.

ಇನ್ನು ವಿಷಯ. ವೇತನಸಂನ್ಯಾಸಿಯ ಏಕಮಾತ್ರ ಧ್ಯೇಯವಸ್ತು ಗಿರಾಕಿ. ಗಿರಾಕಿಗಳು ಅಷ್ಟವಿಧ. ಪ್ರಶಂಸಕನೆಂಬವನು ಕೆಲಸವನ್ನು ಮನಸಾರೆ ಹೊಗಳಿ, ಹೊಗಳಿದ್ದರಿಂದಲೇ ಋಣ ತೀರಿತೆಂದು ತಿಳಿಯುವವನು. ಬಾಂಧವನೆಂಬವನು "ನಮ್ಮ ಹುಡುಗನೇ ಅಲ್ಲವೆ?" ಎಂದು ಅರ್ಧ ದರಕ್ಕೆ ಇಳಿಸಿ, ಆ ಅರ್ಧವನ್ನು ಹಬ್ಬ ಕಳೆದ ಮೇಲೆ ಕೊಡುವೆನೆನ್ನುವವನು. ಮೂರನೆಯವನು ಪ್ರಕ್ರಿಯಾವಾದಿ, ಹಣವನ್ನು ಎಂದು ಕೇಳಿದರೂ "ಪ್ರೊಸೆಸ್‌ನಲ್ಲಿದೆ ಸಾರ್" ಎಂಬ ಮಹಾವಾಕ್ಯವನ್ನು ಉಪದೇಶಿಸುವವನು. ಉಳಿದ ಐವರು ಈ ಮೂರನೆಯವನ ರೂಪಾಂತರಗಳಾದಕಾರಣ, ಅವರಿಗೆ ಸಂಸ್ಕೃತದ ಹೆಸರು ಹುಡುಕುವ ಉತ್ಸಾಹವೂ ನಮಗೆ ಉಳಿದಿಲ್ಲವಾದಕಾರಣ, ವರ್ಗೀಕರಣವನ್ನು ಇಲ್ಲಿಗೇ ಕೈಬಿಡುತ್ತೇವೆ.

ಪ್ರಕ್ರಿಯಾವಾದಿಯೆಂದರೆ ಯಾರು? ಬಹುಮಟ್ಟಿಗೆ ನಾವು ಬಿಟ್ಟುಬಂದ ಗಾಜಿನ ಸೌಧವೇ, ಅಥವಾ ಅದರ ನೆರೆಯದು. ಒಳಗಿದ್ದಾಗ ಯಾರೂ ಕೇಳದೆಯೇ ತಿಂಗಳ ಕೊನೆಗೆ ಸಂಬಳ ಕೊಡುತ್ತಿದ್ದ ಸಂಸ್ಥೆ, ಅದೇ ಕೆಲಸವನ್ನು ಹೊರಗೆ ಕುಳಿತು ಮಾಡಿಕೊಟ್ಟವನಿಗೆ ವೆಂಡರ್ ಕೋಡ್ ಕೇಳುವುದು. ಕೋಡ್ ಬಂದರೆ ಪಿ.ಒ. ಸಂಖ್ಯೆ ಕೇಳುವುದು, ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಜಿ.ಎಸ್.ಟಿ. ನೋಂದಣಿ ಸಾಮಾನ್ಯವಾಗಿ ಕಡ್ಡಾಯವಲ್ಲದಿದ್ದರೂ ನೋಂದಣಿಯಿಲ್ಲದವನನ್ನು ಅನುಮಾನದಿಂದ ನೋಡುವುದು. ನೋಂದಾಯಿಸಿಕೊಂಡವನ ಪಾಡೇನು? ಬಿಲ್ಲು ಬರೆದನೆಂದರೆ, ಹಣ ಬರಲಿ ಬಾರದಿರಲಿ, ಅದರ ಮೇಲಿನ ತೆರಿಗೆಯನ್ನು ಮರುತಿಂಗಳೇ ತನ್ನ ಕೈಯಿಂದ ಕಟ್ಟತಕ್ಕದ್ದು. ಕೋಟಿಗಳಲ್ಲಿ ವಹಿವಾಟು ನಡೆಸುವ ಸೌಧಕ್ಕೆ, ಮಗುವಿನ ಶಾಲೆಯ ಶುಲ್ಕಕ್ಕೆ ತಡಕಾಡುವ ಮನುಷ್ಯನು ಬಡ್ಡಿಯಿಲ್ಲದ ಸಾಲ ಕೊಡುತ್ತಿದ್ದಾನೆ!

ಕಾನೂನಿಲ್ಲವೆನ್ನುವಂತಿಲ್ಲ. ನೋಂದಾಯಿತ ಕಿರು ಉದ್ಯಮಕ್ಕೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಸಲ್ಲತಕ್ಕದ್ದೆಂದೂ, ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ, ತೆರಬೇಕೆಂದೂ 2006ರ ಅಧಿನಿಯಮ ಸ್ಪಷ್ಟವಾಗಿ ವಿಧಿಸಿದೆ. ಕೂಲಿ ಕೊಡದವನಿಗೆ ಕೌಟಿಲ್ಯನೂ ದಂಡ ವಿಧಿಸಿದ್ದನು. ಅಂದಮೇಲೆ ನ್ಯೂನತೆ ಇರುವುದು ಶಾಸ್ತ್ರದಲ್ಲಲ್ಲ. ಆ ಬಡ್ಡಿಯನ್ನು ಒಮ್ಮೆ ಬಾಯಿಬಿಟ್ಟು ಕೇಳಿದವನಿಗೆ ಎರಡನೆಯ ಕೆಲಸ ದೊರೆಯದೆಂಬ ಲೋಕವ್ಯವಹಾರದಲ್ಲಿ.

ಸಂಬಂಧವನ್ನು ಕುರಿತು ಹೋಟೆಲುಗಳ ಸಭಾಂಗಣಗಳಲ್ಲಿ ಉಪನ್ಯಾಸ ಮಾಡುವ ಆಚಾರ್ಯರು ಹಲವರುಂಟು. ಪ್ಯಾಶನ್ ಅನ್ನು ಹಿಂಬಾಲಿಸಿರಿ, ಹಣ ತಾನಾಗಿ ಹಿಂಬಾಲಿಸುವುದೆಂದು ಅವರು ಬೋಧಿಸುವರು. ಬೋಧನೆಯ ಶುಲ್ಕವನ್ನು ಮಾತ್ರ ಮುಂಗಡವಾಗಿಯೇ ಪಡೆಯುವರು. ನಡುವೆ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕತೆಯನ್ನೂ ತಂದು, ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದುತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳುಹಿಸಿದಳೆಂದು ಹೇಳಿ, ಆಸೆಯನ್ನು ಬಿಡಿರೆಂದು ನಮಗೆ ಬುದ್ಧಿವಾದ ನುಡಿಯುವರು. ಸ್ವಾಮಿ, ನಾನು ಹೆಚ್ಚಿನ ಅಕ್ಕಿಯನ್ನು ಕೇಳಿದೆನೆ? ಆ ಶರಣ ದಂಪತಿಗಳಿಗೆ ಅಂದಿನ ಅಕ್ಕಿ ಅಂದೇ ದೊರೆಯುತ್ತಿತ್ತೆಂಬ ಭಾಗವನ್ನು ನೀವೇಕೆ ಹೇಳುವುದಿಲ್ಲ? ದುಡಿದ ದಿನವೇ ಕೈಸೇರುವ ಒಪ್ಪೊತ್ತಿನ ಅಕ್ಕಿಯ ಮೇಲೆ ಸಂತೃಪ್ತಿಯ ಧರ್ಮವನ್ನು ಕಟ್ಟಬಹುದು. ಆರು ತಿಂಗಳ ಬಾಕಿಯ ಮೇಲೆ ಕಟ್ಟಲಾಗದು.

ಪ್ರಯೋಜನವನ್ನು ಅಲ್ಲಗಳೆಯಲಾರೆ. ಬೆಳಗಿನ ಬಿಸಿಲಿನಲ್ಲಿ ಮಗಳನ್ನು ಶಾಲೆಗೆ ನಡೆಸಿಕೊಂಡು ಹೋಗುವ ಸುಖ ಯಾವ ಸಂಬಳದ ಚೀಟಿಯಲ್ಲಿಯೂ ನನಗೆ ದೊರೆತಿರಲಿಲ್ಲ. ಮರಳಿ ಆ ಸೌಧಕ್ಕೆ ಹೋಗುವ ಮನಸ್ಸೂ ಇಲ್ಲ. ನನಗೆ ಬೇಕಾದದ್ದು ಸ್ವಾತಂತ್ರ್ಯದ ಸ್ತುತಿಯಲ್ಲ, ಮಾಡಿದ ಕೆಲಸದ ಹಣ, ಒಪ್ಪಿದ ದಿನಕ್ಕೆ. ಅದನ್ನು ತಡೆದಿಟ್ಟವರ ಹೆಸರನ್ನು ಇಲ್ಲಿ ಬರೆದುಬಿಡಬೇಕೆಂದು ಲೇಖನಿ ಎತ್ತಿದ್ದುಂಟು. ಬರೆದಿಲ್ಲ: ಬರುವ ತಿಂಗಳ ಕೆಲಸವೂ ಅವರದೇ.